ಹಗ್ಗ ಯಾರು ಕಟ್ಟಿದ್ದು?

ಎತ್ತರದ ಕಟ್ಟಡಗಳ ಹೊರಗೋಡೆಗೆ ಬಣ್ಣ ಬಳಿಯುವುದು ನಮ್ಮ ಮನೆತನದ ಕಸುಬು. ಒಬ್ಬ ತಾರಸಿಯ ಕಂಬಕ್ಕೆ ಹಗ್ಗ ಕಟ್ಟುತ್ತಾನೆ. ಇನ್ನೊಬ್ಬ ಅದರ ತುದಿಯ ಹಲಗೆಯ ಮೇಲೆ ಕುಳಿತು ಇಳಿಯುತ್ತಾನೆ. ಇಳಿಯುವವನು ಗಂಟನ್ನು ತಿರುಗಿ ನೋಡುವಂತಿಲ್ಲ. ನೋಡಿದರೆ ಕಟ್ಟಿದವನಿಗೆ ಅವಮಾನ. "ಯಾರು ಕಟ್ಟಿದ್ದು?" ಎಂದು ಕೇಳಬೇಕು, "ನಾನು" ಎಂದು ಉತ್ತರ ಬಂದರೆ ಇಳಿಯಬೇಕು.

ನನ್ನ ಮಗ ಹಾಗೆಯೇ ಕೇಳಿದ. ಹಗ್ಗ ಹಿಡಿದಿದ್ದವನು ನನ್ನ ಹೆಂಡತಿಯ ತಮ್ಮ. ಅವನು ದೇವರನ್ನು ನಂಬುವುದಿಲ್ಲ. ಸಾಲದ್ದಕ್ಕೆ, ದೇವರಿಲ್ಲವೆಂದು ಕಂಡಕಂಡವರಿಗೆಲ್ಲ ಸಾಬೀತು ಮಾಡುವ ಚಟ. ಆಗಲೂ ಕಟ್ಟಡದ ಕಾವಲುಗಾರನೊಡನೆ ಅದೇ ವಾದದಲ್ಲಿ ಮುಳುಗಿದ್ದ. ಹಗ್ಗವನ್ನು ಕಂಬಕ್ಕೆ ಸುತ್ತಿದ್ದನಷ್ಟೆ, ಗಂಟು ಹಾಕಿರಲಿಲ್ಲ. ಅಭ್ಯಾಸಬಲದಿಂದ ಬಾಯಿ "ನಾನು" ಎಂದಿತು. ಮಗ ಇಳಿದ.

ಮಗನನ್ನು ಮಣ್ಣು ಮಾಡಿ ಬಂದವನೇ ಭಾವಮೈದುನನ ಕೊರಳಪಟ್ಟಿ ಹಿಡಿದೆ.

"ಭಾವ, ಹುಲ್ಲುಕಡ್ಡಿ ಅಲ್ಲಾಡೋಕೂ ದೇವರ ಅಪ್ಪಣೆ ಬೇಕು ಅಂತ ದಿನಾ ಹೇಳೋರು ನೀವೇ ಅಲ್ವಾ? ಹಾಗಾದ್ರೆ ಇದೂ ಅವನ ಅಪ್ಪಣೆ. ನನ್ನ ತಪ್ಪೇನು? ತಪ್ಪು ನಂದೇ ಅನ್ನೋದಾದ್ರೆ ದೇವರಿಲ್ಲ ಅಂತ ಒಪ್ಕೊಳ್ಳಿ. ಎರಡರಲ್ಲಿ ಒಂದು."

ನನ್ನ ಕೈ ಸಡಿಲವಾಯಿತು. ಮಗ ಹೋದ ಮನೆಯಿಂದ ಇವನು ದೇವರನ್ನೂ ಹೊತ್ತೊಯ್ಯಲು ಬಂದಿದ್ದ. ಇವನ ಬಾಯಿಂದಲೇ ತಪ್ಪು ಒಪ್ಪಿಸದೆ ಬಿಡೆನೆಂದು ದೇವರ ಮುಂದೆ ಆಣೆ ಮಾಡಿದೆ.

ಮಳೆಗಾಲ ಕಳೆದು ಕೆಲಸ ಶುರುವಾಯಿತು. ಒಂದು ಬೆಳಿಗ್ಗೆ ಇಳಿಯುವ ಸರದಿ ಅವನದು, ಕಟ್ಟುವ ಸರದಿ ನನ್ನದು. ನನ್ನ ಗಂಟಿನ ಮೇಲೆ ಅವನಿಗೆ ಪೂರ್ತಿ ನಂಬಿಕೆ. ಕೇಳಿದ, "ನಾನು" ಎಂದೆ. ಅರ್ಧ ಗೋಡೆಗೆ ಇಳಿದಾಗ ಅಂಚಿನಲ್ಲಿ ಬಗ್ಗಿ ಕೂಗಿದೆ:

"ಲೋ, ಕಟ್ಟಿದ್ದು ನಾನಲ್ಲ ಕಣೋ. ದೇವರು."

"ತಮಾಷೆ ಬೇಡ ಭಾವ!"

"ತಮಾಷೆ ಯಾಕೆ? ಅವನಿದ್ದರೆ ನಿನ್ನ ಹಿಡ್ಕೋತಾನೆ. ಇಲ್ಲದಿದ್ದರೆ ವಾದ ನೀನು ಗೆದ್ದೆ. ಸಾಬೀತು ಮಾಡೋಕೆ ಇದಕ್ಕಿಂತ ಒಳ್ಳೆ ಜಾಗ ಬೇಕಾ?"

ಬಣ್ಣದ ಡಬ್ಬ ಅವನ ಕೈಜಾರಿ ಬಿತ್ತು. ಅದು ನೆಲಕ್ಕೆ ಬಡಿದ ಸದ್ದು ಬರಲು ತುಸು ಹೊತ್ತು ಹಿಡಿಯಿತು. ಹಲಗೆಯನ್ನು ಅವುಚಿಕೊಂಡ.

"ಎಳ್ಕೊಳ್ಳಿ ಭಾವ, ನಿಮ್ಮ ಕಾಲಿಗೆ ಬೀಳ್ತೀನಿ!"

"ಕಾಲು ಮೇಲಿದೆ. ನೀನು ಬೀಳೋದು ಕೆಳಕ್ಕೆ."

"ನಾನು ಸತ್ತರೆ?"

"ಅವನ ಅಪ್ಪಣೆ. ನನ್ನ ತಪ್ಪೇನು?"

"ಅಲ್ಲ! ತಪ್ಪು ಕಟ್ಟದೇ ಇದ್ದೋನದು! ದೇವರು ಇರಲಿ ಬಿಡಲಿ, ಕಟ್ಟದೇ ಇದ್ದೋನದೇ!" ಎಂದು ಅರಚಿದ. ಅರಚಿದ ಮೇಲೆ ತಾನು ಏನೆಂದೆನೆಂಬುದು ಅವನಿಗೇ ಹೊಳೆಯಿತು. "ನಂದು ಭಾವ. ಹುಡುಗನ್ನ ಕೊಂದಿದ್ದು ನಾನೇ."

ರಸ್ತೆಯಲ್ಲಿ ಜನ ನೆರೆದಿದ್ದರು. "ಇನ್ನೊಮ್ಮೆ ಹೇಳು, ಅವರಿಗೆ ಕೇಳಿಸಲಿಲ್ಲ" ಎಂದೆ. ದನಿ ಒಡೆಯುವವರೆಗೆ ಹೇಳಿಸಿದೆ. ಆಮೇಲೆ ತಾರಸಿಯ ಇನ್ನೊಂದು ಬದಿಯಲ್ಲಿದ್ದ ಕೆಲಸದವರನ್ನು ಕೂಗಿ ಕರೆದೆ, ಎಲ್ಲ ಸೇರಿ ಎಳೆದುಕೊಂಡೆವು.

ತಾರಸಿಗೆ ಬಂದವನೇ ಕಂಬದತ್ತ ತೆವಳಿ ಗಂಟನ್ನು ಮುಟ್ಟಿ ನೋಡಿದ. ಕಲ್ಲಿನಂತೆ ಬಿಗಿದಿತ್ತು.

"ಕಟ್ಟಿದ್ರಲ್ಲ ಭಾವ..."

"ನನಗೆ ದೇವರ ಭಯ ಇದೆ. ಅದಕ್ಕೇ ನೀನು ಬದುಕಿದ್ದೀಯ."

ಅದರಿಂದ ದೇವರು ಇದ್ದಾನೆಂದು ಸಾಬೀತಾಯಿತೇ ಎಂದು ಕೇಳಿದರೆ ನಾನು ಹೇಳಲಾರೆ. ಅವನೂ ಈಗ ಆ ವಾದಕ್ಕೆ ಬರುವುದಿಲ್ಲ. ತಮ್ಮನನ್ನು ಕ್ಷಮಿಸಿಬಿಡಿ ಎಂದು ಹೆಂಡತಿ ಬಡಿಸುವಾಗಲೆಲ್ಲ ಬೇಡುತ್ತಾಳೆ. ನಾನು ತಟ್ಟೆ ಬಿಟ್ಟು ಏಳುತ್ತೇನೆ.