ಅಕ್ಕನ ಮೀನೆಣ್ಣೆ

"ಎಲ್ಲಿ, ಮುಷ್ಟಿ ಕಟ್ಟು."

ನಮ್ಮ ಮನೇಲಿ ಬೆಳಗಾಗೋದೇ ಹೀಗೆ. ಹಲ್ಲುಜ್ಜಿ ಹೊರಗೆ ಬಂದರೆ ಅಕ್ಕ ಅಡುಗೆಮನೆ ಬಾಗಿಲಿಗೆ ಅಡ್ಡ ನಿಂತಿರ್ತಾಳೆ. ನಾನು ಎರಡೂ ಕೈ ಚಾಚಬೇಕು, ಬೆರಳು ಮಡಚಬೇಕು, ಬಿಚ್ಚಬೇಕು. ಎಲ್ಲಾ ಬೆರಳೂ ಅಂಗೈಗೆ ತಾಕಿತು ಅಂತ ಅವಳಿಗೆ ಖಾತ್ರಿ ಆದಮೇಲೇ ನನಗೆ ಕಾಫಿ. ತಲೇಲಿ ಬಿಳಿಕೂದಲು ಬಂದಿರೋ ನಾನು ಒಂದನೇ ಕ್ಲಾಸಿನ ಹುಡುಗಿ ಥರ ಕೈ ತೋರಿಸ್ತಾ ನಿಲ್ಲೋದು! ನಗು ಬಂದರೆ ನಕ್ಕುಬಿಡಿ, ನನಗೇನೂ ಬೇಜಾರಿಲ್ಲ.

ಅಮ್ಮನ ಬೆರಳು ಸೊಟ್ಟಗಾಗಿ ಕೊನೆಕೊನೆಗೆ ತುತ್ತು ಎತ್ತೋಕೂ ಬರ್ತಿರಲಿಲ್ಲ. ಆಮೇಲೆ ಅಕ್ಕನ ಸರದಿ ಬಂತು. ಕ್ಯಾಂಟೀನಿನಲ್ಲಿ ದೊಡ್ಡ ಬಾಣಲೆ ಮುಂದೆ ನಿಂತು ಊರಿಗೆಲ್ಲಾ ಕರಿದು ಹಾಕ್ತಿದ್ದವಳು, ಜಾಲರಿ ಸೌಟು ಹಿಡಿಯೋಕಾಗದೆ ಕೆಲಸ ಬಿಟ್ಟು ಮನೇಲಿ ಕೂತಳು. ನಮ್ಮ ದೇಹಾನೇ ನಮ್ಮ ಕೀಲುಗಳನ್ನ ಶತ್ರು ಅಂದ್ಕೊಂಡು ಹೊಡೆಯೋ ಸಂಧಿವಾತ ಇದು. ಆಸ್ಪತ್ರೆಯವರು ನನ್ನ ರಕ್ತಾನೂ ನೋಡಿದರು. ಕಾಯಿಲೆ ಬರೋಕೆ ಎಷ್ಟೋ ಮುಂಚೆ ಅದರ ಗುರುತು ರಕ್ತದಲ್ಲಿ ಕಾಣಿಸ್ಕೊಳ್ಳುತ್ತಂತೆ. ನನ್ನ ರಕ್ತದಲ್ಲಿ ಕಾಣಿಸ್ಕೊಂಡಿತ್ತು.

"ಬಂದೇ ಬರುತ್ತೆ ಅಂತಿಲ್ಲ. ಬರಲ್ಲ ಅಂತಾನೂ ಇಲ್ಲ" ಅಂದರು ಡಾಕ್ಟರಮ್ಮ.

ಈ ಮಾತು ಕೇಳಿಕೊಂಡು ಯಾರಾದರೂ ನೆಮ್ಮದಿಯಾಗಿ ಇರೋಕಾಗುತ್ತಾ? ಅವತ್ತಿಂದ ನಾನು ನನ್ನ ಮೈಯೊಳಗೇ ಸೆರೆ ಸಿಕ್ಕವಳು. ಬೇರೆಯವರ ಮನೆಯಾಗಿದ್ರೆ ಖಾಲಿ ಮಾಡಿ ಹೋಗಬಹುದಿತ್ತು, ಇದನ್ನ ಬಿಟ್ಟು ಎಲ್ಲಿಗೆ ಹೋಗಲಿ? ಮೇಲಾಗಿ ನನ್ನದು ಕನ್ನಡಕದ ಅಂಗಡೀಲಿ ರಿಪೇರಿ ಕೆಲಸ. ಸಾಸಿವೆಗಿಂತ ಚಿಕ್ಕ ಸ್ಕ್ರೂನ ಬೆರಳ ತುದೀಲಿ ಹಿಡಿದು ಕನ್ನಡಕದ ಕಡ್ಡಿಗೆ ಕೂರಿಸಬೇಕು. ಬೆರಳು ಹೋದರೆ ಕೆಲಸ ಹೋಯ್ತು. ಕೆಲಸ ಹೋದರೆ ಅಕ್ಕನ ಔಷಧಿ, ಮನೆ ಬಾಡಿಗೆ, ಎಲ್ಲಾ ಹೋಯ್ತು.

ಆಗ ಡಾಕ್ಟರಮ್ಮ ಒಂದು ಅಧ್ಯಯನದ ವಿಷಯ ಹೇಳಿದರು. ಮೀನೆಣ್ಣೇಲಿ ಒಮೆಗಾ ತ್ರೀ ಅಂತ ಒಂದು ಥರದ ಕೊಬ್ಬು ಇರುತ್ತಲ್ಲ, ಅದು ಇಂಥ ಕಾಯಿಲೆ ಬರದ ಹಾಗೆ ತಡೆಯುತ್ತಾ ಅಂತ ನೋಡ್ತಾರಂತೆ. ಅರ್ಧ ಜನಕ್ಕೆ ಮೀನೆಣ್ಣೆ ಕ್ಯಾಪ್ಸೂಲು. ಇನ್ನರ್ಧ ಜನಕ್ಕೆ ನೋಡೋಕೆ ಹಾಗೇ ಇರೋ ಬೇರೆ ಯಾವುದೋ ಸಾದಾ ಎಣ್ಣೆ. ಯಾರಿಗೆ ಯಾವುದು ಅಂತ ತಗೊಳ್ಳೋರಿಗೂ ಗೊತ್ತಿಲ್ಲ, ಕೊಡೋರಿಗೂ ಗೊತ್ತಿಲ್ಲ. "ಊಟ ತಿಂಡಿ ಮಾಮೂಲಿನಂತೆ ಇರಲಿ. ಹೊರಗಿನ ಎಣ್ಣೆ ಮಾತ್ರೆ ಮಾತ್ರ ನುಂಗಬೇಡಿ" ಅಂತ ಒತ್ತಿ ಹೇಳಿ, ಒಂದು ಬಿಳಿ ಬಾಟಲಿ ಕೈಗಿಟ್ಟರು.

ಮಾಮೂಲಿನಂತೆ ಅಂತೆ! ನಮ್ಮಕ್ಕನ್ನ ಕಂಡಿದ್ರೆ ಆಕೆ ಹಾಗನ್ನುತ್ತಿರಲಿಲ್ಲ. ಇಡೀ ದಿನ ಮೊಬೈಲು ನೋಡಿ ನೋಡಿ ಅಕ್ಕ ಅರ್ಧ ಡಾಕ್ಟರೇ ಆಗಿದ್ದಳು. ಒಬ್ಬ ಸೂರ್ಯಕಾಂತಿ ಎಣ್ಣೆ ವಿಷ ಅಂದರೆ ಅದು ಮೂಲೆಗೆ. ಇನ್ನೊಬ್ಬ ಅದೇ ಅಮೃತ ಅಂದರೆ ವಾಪಸ್ಸು ಒಲೆ ಪಕ್ಕಕ್ಕೆ. ಕಡಲೇಕಾಯಿ ಎಣ್ಣೆ, ಅಗಸೆ ಎಣ್ಣೆ, ಆಲಿವ್ ಎಣ್ಣೆ, ಇರೋ ಅಂಗೈಯಗಲದ ಅಡುಗೆಮನೇಲಿ ನಿಲ್ಲೋಕೆ ಜಾಗ ಇಲ್ಲ. ಕರಿದಿದ್ದರ ಹೆಸರೆತ್ತೋ ಹಾಗಿಲ್ಲ. ಅಂಗಡೀಲಿ ಯಾರೋ ಕೊಟ್ಟ ಚಿಪ್ಸ್ ತಿಂದು ಬಂದರೆ ನನ್ನ ದುಪಟ್ಟಾ ಮೂಸಿ ಕಂಡುಹಿಡೀತಿದ್ದಳು.

"ನಾನೇನು ಕಳ್ಳೀನಾ? ನನ್ನ ಬಾಯಿ, ನನ್ನ ಹೊಟ್ಟೆ!" ಅಂತ ಕೂಗಾಡ್ತಿದ್ದೆ. ನನಗೆ ಕೋಪ ಮೂಗಿನ ತುದೀಲೇ ಇರುತ್ತೆ.

"ಕೂಗಾಡು, ಪರವಾಗಿಲ್ಲ. ಮುಷ್ಟಿ ಕಟ್ಟಿ ಕೂಗಾಡು" ಅನ್ನುತ್ತಿದ್ದಳು ಅವಳು. ಇಂಥವಳ ಜೊತೆ ಏನು ಜಗಳ ಆಡ್ತೀರ?

ಮೊದಮೊದಲು ಆ ಕ್ಯಾಪ್ಸೂಲು ನುಂಗಿದರೆ ನುಂಗಿದ್ದೇ ಗೊತ್ತಾಗ್ತಿರಲಿಲ್ಲ. ಆಸ್ಪತ್ರೆಯಿಂದ ಹೊಸ ಬಾಟಲಿ ತಂದ ಮೇಲೆ ಒಂದಿನ ಇದ್ದಕ್ಕಿದ್ದಂತೆ ಮೀನಿನ ತೇಗು ಬಂತು. ಅಯ್ಯೋ, ಆ ಖುಷಿ ಏನು ಕೇಳ್ತೀರ! "ಅಕ್ಕ, ನನಗೆ ಅಸಲೀದೇ ಸಿಕ್ಕಿದೆ ಕಣೇ" ಅಂತ ಕುಣಿದೆ. ಅಕ್ಕ ಒಲೆ ಕಡೆ ಮುಖ ಮಾಡಿಕೊಂಡೇ "ಹೂಂ, ಒಳ್ಳೇದಾಯ್ತು" ಅಂದಳು. ನಾನು ಆ ತೇಗನ್ನೇ ನಂಬಿಕೊಂಡು ಬದುಕಿದೆ. ಬೆಳಿಗ್ಗೆ ಹೊತ್ತು ಅಂಗಡೀಲಿ ಸ್ಕ್ರೂಗಳು ಕೈಯಿಂದ ಜಾರೋಕೆ ಶುರುವಾದಾಗಲೂ ಬೈದದ್ದು ಸ್ಕ್ರೂ ಮಾಡಿದವನನ್ನ. ಅಂಗಡಿ ಯಜಮಾನರು, "ಏನಮ್ಮಾ, ಈಚೆಗೆ ಆಯಸ್ಕಾಂತ ಹಿಡ್ಕೊಂಡು ನೆಲದ ಮೇಲೇ ಜಾಸ್ತಿ ಇರ್ತೀಯಲ್ಲ" ಅಂತ ತಮಾಷೆ ಮಾಡಿದರು. ನಾನೂ ಹಲ್ಲು ಕಿರಿದೆ.

ಆಸ್ಪತ್ರೆಗೆ ತೋರಿಸೋಕೆ ಹೋಗೋ ದಿನ ಬಾಟಲಿನೂ ತಗೊಂಡು ಹೋಗಬೇಕು. ದಿನಾ ಅವಸರದಲ್ಲಿ ನುಂಗ್ತಿದ್ದವಳು ಅವತ್ತು ಚೀಲಕ್ಕೆ ಹಾಕೋವಾಗ ನೋಡಿದರೆ ಮುಚ್ಚಳದ ಅಂಚಿನ ತುಂಬಾ ಕಚ್ಚಿದ ಗುರುತು. ಮನೇಲಿ ಇಲಿ ಸೇರ್ಕೊಂಡಿದೆ ಅಂತ ಬೊಬ್ಬೆ ಹೊಡೆದು, ಅಡುಗೆಮನೆ ಎಣ್ಣೆ ಬಾಟಲಿಗಳನ್ನೆಲ್ಲಾ ಎಳೆದು ಹಾಕಿದೆ. ಅಕ್ಕ "ಇಲಿ ಇಲ್ಲ, ಬಿಡೇ, ಹೊತ್ತಾಗುತ್ತೆ" ಅಂತ ಅಡ್ಡ ಬಂದಳು. ಅಡ್ಡ ಬಂದಷ್ಟೂ ನನಗೆ ಹಟ. ಕೊನೇ ಮೂಲೇಲಿ ಒಂದು ಹಳೇ ಎಣ್ಣೆ ಡಬ್ಬಿ ಸಿಕ್ತು. ತೆಗೆದರೆ ಒಳಗೆ ಆಸ್ಪತ್ರೆ ಕ್ಯಾಪ್ಸೂಲುಗಳು, ಒಲೆ ಬಿಸಿಗೆ ಒಂದಕ್ಕೊಂದು ಅಂಟಿಕೊಂಡು ಉಂಡೆ ಆಗಿದ್ದವು.

ಆಸ್ಪತ್ರೆ ಬಾಟಲಿ ಮುಚ್ಚಳ ಒತ್ತಿ ತಿರುಗಿಸಿದರೆ ಮಾತ್ರ ಬಿಚ್ಚೋದು. ಅಕ್ಕನ ಬೆರಳಿಗೆ ಅದೆಲ್ಲಿ ಸಾಧ್ಯ? ಹಲ್ಲಲ್ಲಿ ಕಚ್ಚಿ ಬಿಚ್ಚಿದ್ದಾಳೆ. ಆಸ್ಪತ್ರೇದನ್ನ ಸುರಿದು, ನೋಡೋಕೆ ಅಂಥದ್ದೇ ಅಂಗಡಿ ಮೀನೆಣ್ಣೆ ಕ್ಯಾಪ್ಸೂಲು ತಂದು ತುಂಬಿದ್ದಾಳೆ.

"ಏನೇ ಇದು?" ಡಬ್ಬಿ ಅವಳ ಮುಂದೆ ಕುಕ್ಕಿದೆ.

ಅಕ್ಕ ನೆಲದ ಮೇಲೆ ಕೂತುಬಿಟ್ಟಳು. "ನಿನಗೆ ತೇಗೂ ಬರ್ತಿರಲಿಲ್ಲ, ವಾಸನೇನೂ ಇರಲಿಲ್ಲ. ಸಾದಾ ಎಣ್ಣೆ ಕೊಟ್ಟು ಕೂರಿಸಿದ್ದಾರೆ ಅನ್ನಿಸ್ತು. ನಿನ್ನ ಕೈ ಸೊಟ್ಟಗಾಗೋವರೆಗೂ ನಾನು ನೋಡ್ತಾ ಇರ್ಲಾ?"

"ಮತ್ತೆ ಇದನ್ಯಾಕೆ ಎತ್ತಿಟ್ಟಿದ್ದೀಯ?"

"ಎಸೆಯೋಕೆ ಧೈರ್ಯ ಬರಲಿಲ್ಲ. ಒಂದು ವೇಳೆ ಅದೇ ಅಸಲಿ ಆಗಿದ್ರೆ?" ಡಬ್ಬಿ ಕಡೆ ಕೈ ತೋರಿಸಿ ಅಂದಳು, "ಅಮ್ಮ ಹೋದಾಗ ನೀನು ಎಷ್ಟು ಚಿಕ್ಕವಳು. ಕ್ಯಾಂಟೀನಿನಲ್ಲಿ ಕಾಸಿ ಕಾಸಿ ಕಪ್ಪಾದ ಎಣ್ಣೆನ ಈ ಡಬ್ಬೀಲೇ ಮನೆಗೆ ತಂದು ನಿನಗೆ ಕರಿದು ಹಾಕ್ತಿದ್ದೆ. ನೀನು ಇನ್ನೂ ಬೇಕು ಅಂತಿದ್ದೆ. ಅದೇ ನಿನ್ನ ರಕ್ತಕ್ಕೆ ಹತ್ತಿದೆ ಕಣೇ. ನಾನೇ ಹತ್ತಿಸಿದ್ದು."

ಅವಳನ್ನ ಬೈದು ಜಾಡಿಸಬೇಕು ಅಂತ ಬಾಯಿ ತೆರೆದವಳು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಸುಳ್ಳು ಹೇಳಿದರೆ ಎಷ್ಟೋ ಜನರ ಮೇಲೆ ನಡೆಯೋ ಅಧ್ಯಯನ ಕೆಡಿಸಿದ ಹಾಗೆ. ನಿಜ ಹೇಳಿದರೆ ಅಕ್ಕನ ಮಾನ ಹೋದ ಹಾಗೆ. ಕೊನೆಗೆ ಡಾಕ್ಟರಮ್ಮನ ಮುಂದೆ ಬಾಟಲಿ ಇಟ್ಟು ಎಲ್ಲಾ ಕಕ್ಕಿಬಿಟ್ಟೆ.

ಆಕೆ ರೇಗಲಿಲ್ಲ. ಏನೋ ಬರೆದುಕೊಂಡು, "ಅದನ್ನ ಆಮೇಲೆ ನೋಡೋಣ. ಮೊದಲು ಕೈ ಕೊಡಿ" ಅಂದರು. ಗೆಣ್ಣು ಗೆಣ್ಣು ಒತ್ತಿದರು. ಬಲಗೈ ಉಂಗುರದ ಬೆರಳಿನ ಹತ್ತಿರ ಒತ್ತಿದಾಗ ಜೀವ ಹೋದ ಹಾಗಾಯ್ತು. ಸ್ಕ್ಯಾನ್ ಮಾಡಿ, ಕುರ್ಚಿ ನನ್ನ ಹತ್ತಿರಕ್ಕೆ ಎಳೆದುಕೊಂಡರು.

"ಶುರುವಾಗಿದೆ. ಆದರೆ ಬೇಗ ಗೊತ್ತಾಯ್ತು. ಮಾತ್ರೆ ಶುರು ಮಾಡಿದರೆ ನಿಮ್ಮಕ್ಕನಷ್ಟು ಆಗದ ಹಾಗೆ ತಡೆಯೋಕೆ ಒಳ್ಳೇ ಅವಕಾಶ ಇದೆ."

"ಕ್ಯಾಪ್ಸೂಲು ಬದಲಾಯಿಸಿದ್ದಕ್ಕಾ? ಇಲ್ಲ ಚಿಕ್ಕಂದಿನಲ್ಲಿ ತಿಂದ ಎಣ್ಣೆಗಾ?"

"ನಿಮ್ಮೊಬ್ಬರ ವಿಷಯದಲ್ಲಿ ಯಾವತ್ತೂ ಹೇಳೋಕಾಗಲ್ಲ" ಅಂದರು. "ತಿನ್ನೋ ಕೊಬ್ಬು ಅಪಾಯಾನ ಸ್ವಲ್ಪ ಹೆಚ್ಚು ಕಮ್ಮಿ ಮಾಡಬಹುದೇನೋ. ಅದು ಕೂಡ ಸಾವಿರಾರು ಜನರನ್ನ ನೋಡಿ ಆಡೋ ಮಾತು. ಒಬ್ಬರನ್ನ ಕೂರಿಸಿಕೊಂಡು, ಇಂಥ ಬಾಣಲೆಯಿಂದ ಬಂತು ಅಂತ ಬೊಟ್ಟು ಮಾಡೋಕೆ ಬರಲ್ಲ."

ಬೊಟ್ಟು ಮಾಡಿದ್ರೆ ಎಷ್ಟೋ ವಾಸಿ ಇತ್ತು. ಯಾರನ್ನಾದರೂ ಬೈದು ಹಗುರ ಆಗ್ತಿದ್ದೆ.

ಮನೇಲಿ ಅಕ್ಕ ಬಾಗಿಲಲ್ಲೇ ಕಾಯ್ತಿದ್ದಳು. "ಏನಂದ್ರು?"

"ಕೈ ಚೆನ್ನಾಗಿದೆಯಂತೆ. ನಿನ್ನ ಮೀನೆಣ್ಣೆ ಕೆಲಸ ಮಾಡಿರಬೇಕು" ಅಂದೆ. ಸುಳ್ಳು ನೀರು ಕುಡಿದಷ್ಟು ಸಲೀಸಾಗಿ ಬಂತು. ಅಕ್ಕ ಸೆರಗಿಗೆ ಮುಖ ಒರೆಸಿಕೊಂಡು ಗೊಳೋ ಅಂತ ಅತ್ತಳು. ಅಷ್ಟು ಹಗುರಾಗಿದ್ದವಳಿಗೆ ಮತ್ತೆ ನಿಜ ಹೇಳೋದು ಹೇಗೆ? ಮಾತ್ರೆಗಳನ್ನ ಒಂದು ಕನ್ನಡಕದ ಪೆಟ್ಟಿಗೇಲಿ ಹಾಕಿ ಬೀರುವಿನಲ್ಲಿ ಬಚ್ಚಿಟ್ಟೆ. ನನ್ನ ಮನೇಲೇ ನಾನು ಕಳ್ಳಿಯಾದೆ.

ಆ ವಾರ ನಾನು ಪಟ್ಟ ಪಾಡು ನನ್ನ ಶತ್ರುವಿಗೂ ಬೇಡ. ಬೆಳಿಗ್ಗೆ ಬಿಸಿನೀರಲ್ಲಿ ಕೈ ನೆನೆಸಿ, ನೋವನ್ನ ಹಲ್ಲು ಕಚ್ಚಿ ತಡಕೊಂಡು ಮುಷ್ಟಿ ಕಟ್ಟಿ, ತಾಕದ ಬೆರಳಿನ ಮೇಲೆ ಹೆಬ್ಬೆರಳು ಮುಚ್ಚಿ ತೋರಿಸ್ತಿದ್ದೆ. ಅಕ್ಕ ತಲೆಯಾಡಿಸಿ ಕಾಫಿ ಕೊಡ್ತಿದ್ದಳು. ಲೋಟದ ಬಿಸಿಗೆ ಬೆರಳು ಒತ್ತಿಕೊಂಡು, ಇದು ಇನ್ನು ಸಾಯೋ ತನಕಾನಾ ಅಂದ್ಕೊಳ್ತಿದ್ದೆ.

ಭಾನುವಾರ ಹಲ್ಲುಜ್ಜಿ ಬಂದೆ. ಬಾಗಿಲಲ್ಲಿ ಅಕ್ಕ ಇಲ್ಲ. ಮೇಜಿನ ಮೇಲೆ ತಿಂಡಿ, ಎರಡು ಲೋಟ ನೀರು. ಪಕ್ಕದಲ್ಲಿ ನಾನು ಬಚ್ಚಿಟ್ಟ ಕನ್ನಡಕದ ಪೆಟ್ಟಿಗೆ.

"ನನ್ನ ಹಳೇ ಕನ್ನಡಕ ಹುಡುಕ್ತಿದ್ದೆ" ಅಂದಳು ಅಕ್ಕ. "ತಿಂಡಿ ತಿಂದು ನುಂಗು, ಬರೀ ಹೊಟ್ಟೇಲಿ ಬೇಡ. ವಾರಕ್ಕೊಂದೇ ದಿನ, ಮರೆತು ದಿನಾ ನುಂಗಿಬಿಟ್ಟೀಯ. ನನ್ನದೂ ಇದೇ ಮಾತ್ರೆ, ಭಾನುವಾರಾನೇ. ಇಬ್ಬರೂ ಒಟ್ಟಿಗೆ ತಗೊಂಡ್ರೆ ಮರೆಯಲ್ಲ."

ನಾನು ತಿಂಡಿ ತಟ್ಟೆ ಹತ್ತಿರಕ್ಕೆ ಎಳೆದುಕೊಂಡೆ.

"ನನ್ನಿಂದ ಆಯ್ತಾ?"

ಇಲ್ಲ ಅನ್ನಬೇಕಿತ್ತು. ಒಂದು ವಾರ ಸುಳ್ಳು ಹೇಳಿ ಹೇಳಿ ಸಾಕಾಗಿ ಹೋಗಿತ್ತು. "ಗೊತ್ತಿಲ್ಲ ಅಕ್ಕ. ಡಾಕ್ಟರಮ್ಮನಿಗೂ ಗೊತ್ತಿಲ್ಲ. ಯಾರಿಗೂ ಯಾವತ್ತೂ ಗೊತ್ತಾಗಲ್ಲ."

"ಒಂದು ಸಲ ಬೈದಾದರೂ ಬಿಡೇ."

ಇಷ್ಟು ದಿನ ಉಪ್ಪು ಕಮ್ಮಿ ಆದರೂ ಮನೆ ಹಾರಿಹೋಗೋ ಹಾಗೆ ಕೂಗಾಡಿದವಳು ನಾನು. ಅವತ್ತು ಒಂದು ಬೈಗುಳಾನೂ ಬಾಯಿಗೆ ಬರಲಿಲ್ಲ. ತಿಂಡಿ ತಿಂದು ಮಾತ್ರೆ ಪಟ್ಟಿ ಕೈಗೆ ತಗೊಂಡೆ. ಹೆಬ್ಬೆರಳಲ್ಲಿ ಒತ್ತಿದೆ, ಹಾಳೆ ಹರೀಲಿಲ್ಲ. ಇನ್ನೊಂದು ಸಲ ಒತ್ತಿದೆ. ನೋವಿಗೆ ಕಣ್ಣಲ್ಲಿ ನೀರು ಬಂತು.

"ಕೊಡು ಇಲ್ಲಿ" ಅಂದಳು ಅಕ್ಕ. ಪಟ್ಟಿ ಕಸಿದುಕೊಂಡು ಹಲ್ಲಲ್ಲಿ ಕಚ್ಚಿ ಹರಿದು, ನನ್ನ ಅಂಗೈ ಮೇಲೆ ಒಂದು ಮಾತ್ರೆ ಹಾಕಿ, ತನ್ನದನ್ನ ಬಾಯಿಗೆ ಹಾಕಿಕೊಂಡಳು.

ಮುಷ್ಟಿ ಕಟ್ಟು ಅಂತ ಅವತ್ತು ಅವಳು ಕೇಳಲಿಲ್ಲ.