ಊರಿಗೆಲ್ಲ ಆಗುವಷ್ಟು

“ಎಲ್ಲಾನೂ ಎರಡೂವರೆ ಪಟ್ಟು ಹಾಕಿದ್ರೆ ಕಷಾಯ ಆಗುತ್ತೆ, ಬಿಯರ್ ಆಗಲ್ಲ,” ಎಂದಳು ಮಾರ್ತಾ, ಹಂಡೆಯೊಳಗೆ ಇಣುಕುತ್ತ. “ಮೊಳಕೆ ಜವೆಗೋಧಿ ಎರಡೂವರೆ ಪಟ್ಟು, ಸರಿ. ಜೂನಿಪರ್ ಸೊಪ್ಪು ಅಷ್ಟು ಬೇಡ, ಕಹಿಯಾಗುತ್ತೆ. ನೀರು ಇನ್ನೂ ಸುರಿ. ಹಂಡೆ ಬಾಯಿ ಅಗಲ, ಸುಮಾರು ಆವಿಯಾಗೇ ಹೋಗುತ್ತೆ.”

“ಇಷ್ಟು ವರ್ಷದಿಂದ ಮಾಡ್ತಿದ್ದೀನಿ, ನನಗೆ ಗೊತ್ತಿಲ್ವಾ?” ಎಂದ ಅಸ್ಲಾಕ್.

“ನೀನು ಮಾಡ್ತಿದ್ದದ್ದು ಅರವತ್ತು ಲೀಟರು. ಇದು ನೂರೈವತ್ತು. ಅಜ್ಜ ಆಗ್ತೀನಿ ಅಂತ ತಲೆ ನಿಲ್ತಿಲ್ಲ ನಿನಗೆ.”

ನಿಲ್ಲುತ್ತಿರಲಿಲ್ಲ, ನಿಜ. ಮಗು ಹುಟ್ಟಿದರೆ ಮನೆಯಲ್ಲೇ ಬಿಯರ್ ಮಾಡಿ ಊರಿಗೆ ಹಂಚುವ ಪದ್ಧತಿಯನ್ನು ವೊಸ್ ಕಣಿವೆಯಲ್ಲಿ ಹಲವರು ಬಿಟ್ಟಿದ್ದರೂ ಅಸ್ಲಾಕ್ ಬಿಡುವವನಲ್ಲ. ಮಗಳು ಸಿನ್ನೋವೆ ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಬಸುರಿಯಾಗಿದ್ದಳು. ಹೆರಿಗೆಗೆ ಮೂರು ವಾರವಿತ್ತು. ಬಿಯರ್ ಹದಕ್ಕೆ ಬರಲೂ ಅಷ್ಟು ಬೇಕು. ಪಕ್ಕದ ಮನೆಯ ಮಾರ್ತಾಳಿಂದ ತಾಮ್ರದ ದೊಡ್ಡ ಹಂಡೆಯನ್ನೂ ಯೀಸ್ಟನ್ನೂ ತಂದಿದ್ದ.

ಸಂಜೆ ಯೀಸ್ಟ್ ಬೆರೆಸುವಾಗ ಇಬ್ಬರೂ ವಾಡಿಕೆಯಂತೆ ಪೀಪಾಯಿಯೊಳಗೆ ಬಾಯಿಟ್ಟು ಜೋರಾಗಿ ಕೂಗಿದರು. ಕೆಟ್ಟದ್ದೆಲ್ಲ ಓಡಿಹೋಗಲಿ ಎಂದು. ಕೂಗಿ ಕೂಗಿ ಕೆಮ್ಮು ಬಂದು ನಕ್ಕರು.

ನೊರೆ ಉಕ್ಕಿ ಪೀಪಾಯಿಯ ಅಂಚು ದಾಟಿದ ದಿನ, ಹೆರಿಗೆಗೆ ಇನ್ನೂ ವಾರಗಳಿರುವಾಗಲೇ, ಆಸ್ಪತ್ರೆಯಿಂದ ಅಳಿಯ ಹಾಲ್ವಾರ್ ಫೋನು ಮಾಡಿದ.

“ಮಾವ, ಹೆಣ್ಣುಮಗು,” ಎಂದ. “ಅಳಲಿಲ್ಲ ಮಾವ. ಎಲ್ಲರೂ ಕಾದೆವು. ಅಳಲೇ ಇಲ್ಲ.”

ಅಸ್ಲಾಕ್ ನೆಲಮಾಳಿಗೆಗೆ ಇಳಿದ. ಬಿಯರ್ ತನ್ನ ಪಾಡಿಗೆ ತಾನು ಗುಳುಗುಳು ಎನ್ನುತ್ತಿತ್ತು. ಮಗು ಬರುವ ಮೊದಲೇ ಹಂಡೆ ಒಲೆಗೇರಿಸಿದ್ದು ತಪ್ಪಾಯಿತೇನೋ ಅನ್ನಿಸಿತು. ಹಾಗೆಲ್ಲ ಇರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ಅನ್ನಿಸಿತು.

ಮಣ್ಣು ಮಾಡುವಾಗ ಮನೆಯವರಷ್ಟೇ ಇದ್ದರೆ ಸಾಕು ಎಂದು ಅವನೂ ಹಾಲ್ವಾರನೂ ಮಾತಾಡಿಕೊಂಡರು. ಸಿನ್ನೋವೆ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಬಿಯರನ್ನು ಚೆಲ್ಲಿಬಿಡಬೇಕೆಂದು ಅಸ್ಲಾಕ್ ಬಕೆಟ್ಟು ಹಿಡಿದು ಕೆಳಗಿಳಿದಿದ್ದ. ಅವನು ಎಣಿಸಿದ್ದಕ್ಕಿಂತ ಮೊದಲೇ ಅವಳು ಬಂದಳು. ಗೋಡೆ ಹಿಡಿದು ನಿಧಾನಕ್ಕೆ ಮೆಟ್ಟಿಲಿಳಿದಳು.

“ಏನು ಮಾಡ್ತಿದ್ದೀಯ ಅಪ್ಪ?”

“ಏನಿಲ್ಲ ಕಣಮ್ಮ. ನೀನು ಮಲಗು, ಹೋಗು.”

“ಎಷ್ಟು ಮಾಡಿದ್ದೆ?”

ಅವನು ಹೇಳಿದ.

“ಅಷ್ಟೊಂದು ಯಾಕೆ?”

“ಊರಿಗೆಲ್ಲ ಆಗಲಿ ಅಂತ.”

ಸಿನ್ನೋವೆ ಪೀಪಾಯಿಯ ಮೇಲೆ ಕೈಯಿಟ್ಟಳು. ಒಳಗಿನ ಹುದುಗಿಗೆ ಅದು ಬೆಚ್ಚಗಿತ್ತು.

“ಹಾಗಾದ್ರೆ ಊರನ್ನೆಲ್ಲ ಕರಿ.”

“ಸಿನ್ನೋವೆ, ಮನೆಯವರಷ್ಟೇ ಸಾಕು ಅಂತ ಹಾಲ್ವಾರ್…”

“ಅವನಿಗೆ ನಾನು ಹೇಳ್ತೀನಿ. ಯಾರಿಗೂ ಗೊತ್ತಾಗದ ಹಾಗೆ ಹೂತು ಬರೋಕೆ ಅವಳೇನು ಕದ್ದು ಹುಟ್ಟಿದವಳಾ? ಇಷ್ಟು ತಿಂಗಳು ಇದ್ದಳಪ್ಪ ನನ್ನ ಹೊಟ್ಟೇಲಿ. ನೀನು ಅವಳಿಗಂತ ಮಾಡಿದ್ದು. ಅವಳ ಹೆಸರಲ್ಲೇ ಕುಡೀಲಿ.”

ಅಸ್ಲಾಕ್ ಬಕೆಟ್ಟು ಕೆಳಗಿಟ್ಟ.

ಜನ ಬಂದರು. ಮಗುವನ್ನು ಮಣ್ಣು ಮಾಡಿ, ಇಗರ್ಜಿಯಿಂದ ನೇರ ಮನೆಗೆ, ಕರಿಬಟ್ಟೆಯಲ್ಲೇ. ಬಿಯರ್ ಇನ್ನೂ ಎಳೆಯದು, ಸಿಹಿ ಇಳಿದಿರಲಿಲ್ಲ. ಮರದ ಬಟ್ಟಲು ಮೊದಲು ಮಾರ್ತಾಳ ಕೈಗೆ ಬಂತು. ಅವಳು ಕುಡಿಯದೆ ಸಿನ್ನೋವೆಯ ಮುಖ ನೋಡಿದಳು.

“ಹೆಸರೇನಮ್ಮ?”

“ಏಲಿ.”

“ಏಲಿ,” ಎಂದು ಮಾರ್ತಾ ಕುಡಿದಳು. ಬಟ್ಟಲು ಕೈಯಿಂದ ಕೈಗೆ ಹೋಯಿತು. ಪ್ರತಿಯೊಬ್ಬರೂ ಹೆಸರು ಹೇಳಿಯೇ ಕುಡಿದರು. ಹಾಲ್ವಾರ್ ತನ್ನ ಸರದಿ ಬಂದಾಗ ಬಟ್ಟಲನ್ನು ಎರಡು ಕೈಯಲ್ಲೂ ಹಿಡಿದ, ಪಕ್ಕದವರು ಕಾದರು. ಕೊನೆಗೆ ಹೇಳಿದ.

ಎಲ್ಲರೂ ಹೊರಟ ಮೇಲೆ ಅಸ್ಲಾಕ್ ಒಳಗೆ ಬಂದ. ಸಿನ್ನೋವೆ ಕಿಟಕಿಯ ಬಳಿಯ ಬೆಂಚಿನ ಮೇಲೆ ಕೂತಲ್ಲೇ ನಿದ್ದೆ ಹೋಗಿದ್ದಳು. ಅವಳ ಕರಿ ಅಂಗಿ ಎದೆಯ ಹತ್ತಿರ ಎರಡು ಕಡೆ ಹಾಲಿಗೆ ಒದ್ದೆಯಾಗಿತ್ತು. ಅವನು ತನ್ನ ಕೋಟು ಕಳಚಿ, ಎಚ್ಚರವಾಗದ ಹಾಗೆ, ಅವಳ ಕುತ್ತಿಗೆಯವರೆಗೂ ಹೊದಿಸಿದ.