ಆಂಬ್ರೋಸ್ ಸಾಹೇಬರು ಅಪ್ಪಣೆ ಕೇಳಿದ್ದು

ಎಲ್ಲಿ ಗೇಟು ಕಂಡರೂ ಅದರ ಅಗುಳಿಯನ್ನು ಒಮ್ಮೆ ಎತ್ತಿ ಇಳಿಸಿ ನೋಡದೆ ಆಂಬ್ರೋಸ್ ಹೋಲ್ಬೆಕ್ ಮುಂದೆ ಹೆಜ್ಜೆ ಇಡುವವರಲ್ಲ. ಎಪ್ಪತ್ತೆಂಟರ ಪ್ರಾಯದ ಈ ಇಂಗ್ಲಿಷ್ ಗೃಹಸ್ಥರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬೆಳೆ ನೋಡಲು ಹೊರಟ ಯಜಮಾನನ ನಿಧಾನದಲ್ಲಿ ಕಡಲಾಚೆಯ ನಮ್ಮ ಈ ಶೋರ್‌ಲೈನ್ ಊರಿನ ಬೀದಿಗಳಲ್ಲಿ ನಡೆಯುತ್ತಿದ್ದರೆ, ಮೊಣಕೈಗೆ ಚರ್ಮದ ತೇಪೆ ಹಾಕಿದ ಹಳೆಯ ಉಣ್ಣೆ ಕೋಟಿನ ಜೇಬಿನಿಂದ ಗೇಣುದ್ದದ ಹುರಿ ಇಣುಕುತ್ತಿರುತ್ತದೆ.

ಅವರದು ಏಳು ತಲೆಮಾರಿನ ಜಮೀನುದಾರ ಮನೆತನ. ಅಜ್ಜ, ಅಪ್ಪ, ಆಮೇಲೆ ಇವರು, ಮೂವರೂ ಪಾರ್ಲಿಮೆಂಟಿನಲ್ಲಿ ಕುಳಿತವರು. ಇವರು ಎರಡು ಸಲ ಗೆದ್ದು ಮೂರನೆಯ ಸಲ ಸೋತರು. "ನಮ್ಮ ಜಮೀನಿನ ನಡುವೆ ಊರವರ ಕಾಲುದಾರಿಯಿತ್ತು, ಅದರ ಗೇಟಿಗೆ ಬೀಗ ಹಾಕಿಸಿದೆ. ಸೋತದ್ದು ನ್ಯಾಯವೇ" ಎಂದು ಒಮ್ಮೆ ನನ್ನೊಡನೆ ಹೇಳಿದ್ದರು. ಪತ್ನಿ ತೀರಿಕೊಂಡ ಮೇಲೆ ಆಸ್ತಿಯನ್ನು ತಮ್ಮನ ಮಗನಿಗೆ ಒಪ್ಪಿಸಿ, ತಮ್ಮ ದೇಶ ಬಿಟ್ಟು, ಇಲ್ಲಿ ಪಕ್ಕದ ನಗರದ ಯೂನಿವರ್ಸಿಟಿ ಡಿಸ್ಟ್ರಿಕ್ಟ್ ಬಡಾವಣೆಯಲ್ಲಿ ಸಂಶೋಧಕಿಯಾಗಿರುವ ಮಗಳು ಹ್ಯಾರಿಯೆಟ್‌ಳ ನಮ್ಮೂರ ಮನೆಗೆ ಬಂದರು. ಅಳಿಯ ವಿಜಯಕುಮಾರ ಧಾರವಾಡದವನು. ಅವನ ತಾಯಿ ಚನ್ನಬಸಮ್ಮನವರೂ ಅಲ್ಲೇ ಇದ್ದಾರೆ. ನಾನು ಪಕ್ಕದ ಮನೆಯವನು.

ಶನಿವಾರ ಬೆಳಿಗ್ಗೆ ಮೇಜು ಹಾಕಿ ಮತದಾರರ ಅಹವಾಲು ಕೇಳುವುದು ಅವರ ಹಳೆಯ ಕ್ರಮ. ಇಲ್ಲಿ ಅವರಿಗೆ ಮತವೂ ಇಲ್ಲ, ಮತದಾರರೂ ಇಲ್ಲ. ಆದರೂ ಗ್ಯಾರೇಜಿನಲ್ಲಿ ಮೇಜು ತಪ್ಪಿಲ್ಲ. ಹಿತ್ತಿಲಾಚೆಯ ಮನೆಯನ್ನು ಕೊಂಡ ಹೊಸಬ ತನ್ನ ಜಾಗದ ಕಾಲುದಾರಿಗೆ ಹಲಗೆ ಬೇಲಿ ಹೊಡೆದ ವಾರ, ಆ ಮೇಜಿನ ಮುಂದೆ ಮೊದಲು ಕುಳಿತವರು ಚನ್ನಬಸಮ್ಮ. ಹನ್ನೆರಡು ವರ್ಷಗಳಿಂದ, ಮೊದಲು ಬಸ್ಸಿಗೆ, ಆಮೇಲೆ ರೈಲಿಗೆ, ಅವರು ಹೋಗುತ್ತಿದ್ದುದು ಅದೇ ದಾರಿಯಲ್ಲಿ. ಸುತ್ತಿ ಹೋದರೆ ಏರು. ನೋವಿನ ಮಂಡಿಗೆ ಆಗದು.

"ಬೀಗರ, ಲಿನ್‌ವುಡ್ ಊರಾಗ ನಮ್ಮ ಗೆಳತಿ ಸಿದ್ದಮ್ಮ ಅದಾಳ. ಇನ್ನ ಆಕೀ ಕಡೆ ಹೋಗಬೇಕಂದ್ರ ಮಗನ ಕಾರಿಗೆ ಕಾಯಬೇಕೇನ್ರಿ?"

ವಿಜಯಕುಮಾರ ಅದನ್ನು ಇಂಗ್ಲಿಷಿಗೆ ತಿರುಗಿಸಿ ಮುಗಿಸುವಷ್ಟರಲ್ಲಿ ಸಾಹೇಬರು ಕಾಗದ ಎಳೆದುಕೊಂಡಿದ್ದರು. ಮೂರು ತಿಂಗಳು ಕಚೇರಿ ಅಲೆದರು, ವಕೀಲರನ್ನು ಕಂಡರು. ಯಾರ ಅಪ್ಪಣೆಯನ್ನೂ ಬೇಡದೆ ಜನ ಬಹುಕಾಲ ಓಡಾಡಿದ್ದರೆ ಹಕ್ಕು ಕೇಳಬಹುದು ಎಂದು ವಕೀಲರು ಹೇಳಿದ ಮೇಲೆ ಮನೆಮನೆಗೆ ಹೋಗಿ ಹೇಳಿಕೆ ಬರೆಸಿದರು. ಎಲ್ಲಕ್ಕಿಂತ ಗಟ್ಟಿಯಾಗಬೇಕಾದದ್ದು ಚನ್ನಬಸಮ್ಮನವರ ಹೇಳಿಕೆ. ಅವರು ಹೇಳಿದರು, ನಾನು ಬರೆದೆ, ವಿಜಯಕುಮಾರ ಇಂಗ್ಲಿಷಿನಲ್ಲಿ ಓದಿ ಹೇಳಿದ. ಪ್ರತಿ ಯುಗಾದಿಗೆ ಆ ಮನೆಯ ಹಳೆಯ ಯಜಮಾನನಿಗೆ ಹೋಳಿಗೆ ಕೊಟ್ಟು, 'ಈ ವರ್ಷವೂ ಹಾಯಲೇ?' ಎಂದು ಕೈಸನ್ನೆಯಲ್ಲಿ ಕೇಳಿ, ಅವನು ತಲೆಯಾಡಿಸಿದ ಮೇಲೆಯೇ ನಡೆದಿದ್ದರಂತೆ!

ಸಾಹೇಬರು ಕನ್ನಡಕ ತೆಗೆದಿಟ್ಟರು. "ಕೇಳಿ ನಡೆದದ್ದು ಹಕ್ಕಾಗದು. ಅದು ಅವನ ದಯೆ."

"ಅವ್ವಾ, ಆ ಹೋಳಿಗಿ ಮಾತು ಬಿಟ್ಟಬಿಡು," ಎಂದ ವಿಜಯಕುಮಾರ.

"ಕೇಳಿದ್ದನ್ನ ಕೇಳಿಲ್ಲಂತ ಹೆಂಗ ಬರಸ್ಲೋ? ಮಂದಿ ಬದುವಿನ ಮ್ಯಾಲ ಕೇಳಲಾರದ ಕಾಲ ಇಡೂದು ನಮ್ಮ ಕಡೆ ಇಲ್ಲ."

ಮಗ ಅದನ್ನು ಇಂಗ್ಲಿಷಿನಲ್ಲಿ ಹೇಳಿದ ಮೇಲೆ ಸಾಹೇಬರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಒಂದಕ್ಷರವನ್ನೂ ತೆಗೆಯಬೇಡಿ. ರಾಜಕೀಯದಲ್ಲಿ ಸೋತಿದ್ದೇನೆ, ಸಿಹಿತಿಂಡಿಗೆ ಸೋತದ್ದು ಇದೇ ಮೊದಲು" ಎಂದು ಕಾಗದದ ಕಟ್ಟನ್ನು ಬದಿಗಿಟ್ಟರು. "ಹಾಗಾದರೆ, ನಿಮ್ಮಲ್ಲಿ ಹೇಗೆ ಕೇಳುತ್ತಾರೆ?"

"ಬಾಯಿ ತೆರದು ಕೇಳ್ತಾರ್ರಿ. ಮತ್ತ ಹೆಂಗ?"

ಅಂದೇ ಸಾಹೇಬರೂ ಚನ್ನಬಸಮ್ಮನವರೂ ಹೊಸ ಯಜಮಾನನ ಬಾಗಿಲಿಗೆ ಹೋದರು, ಜೊತೆಗೆ ನಾನೂ. ಸಭೆಗಳಲ್ಲಿ ಗಂಟೆಗಟ್ಟಲೆ ಮಾತಾಡಿದ ಮನುಷ್ಯ ಹೊಸ್ತಿಲಲ್ಲಿ ತಡವರಿಸಿದರು. "ಇವರು ನಮ್ಮ ಬೀಗರು. ನಿಮ್ಮ ನೆಲದಲ್ಲಿ ನಡೆಯಲು ಅಪ್ಪಣೆ ಬೇಡಲು ಬಂದಿದ್ದೇವೆ. ಬೇಡಿ ನನಗೆ ಅಭ್ಯಾಸವಿಲ್ಲ, ತಪ್ಪಿದ್ದರೆ ಮನ್ನಿಸಬೇಕು."

ಆತ 'ನೋಡೋಣ' ಎಂದು ಬಾಗಿಲು ಹಾಕಿಕೊಂಡ. ಮರುವಾರ ಹೋದರು; ಅದೇ ಮಾತು. ಮೂರನೆಯ ವಾರ ಆತ ಸುತ್ತಿಗೆ ತಂದು, ಒಬ್ಬರು ಹಾಯುವಷ್ಟು, ಎರಡು ಹಲಗೆ ಕಿತ್ತ. ಚನ್ನಬಸಮ್ಮ ಮೊದಲು ದಾಟಿದರು.

ತಲೆತಲಾಂತರದಿಂದ ನೆಲವಾಳಿದವರಿಗೆ ದಾನ ಸುಲಭ. ದರ್ಪ ಅದಕ್ಕಿಂತಲೂ ಸುಲಭ. ಸೋಲನ್ನು ಕೂಡ ಅವರು ತಲೆಯೆತ್ತಿಯೇ ಅನುಭವಿಸಬಲ್ಲರು. ಇನ್ನೊಬ್ಬರ ಹೊಸ್ತಿಲಲ್ಲಿ, ಇನ್ನೊಬ್ಬರ ಸಲುವಾಗಿ, 'ಇಲ್ಲ' ಎನ್ನುವ ಅಧಿಕಾರವನ್ನು ಎದುರಿನವನಿಗೇ ಬಿಟ್ಟು ನಿಲ್ಲುವುದು ಮಾತ್ರ ಅಂಥವರಿಗೆ ಯಾರೂ ಕಲಿಸದ ವಿದ್ಯೆ. ಇಳಿವಯಸ್ಸಿನಲ್ಲಿ ಅದನ್ನು ಕಲಿತವರು ಬಿಟ್ಟುಬಂದ ಜಮೀನಿಗಿಂತ ದೊಡ್ಡವರಾಗುತ್ತಾರೆ.